ಮಡಿಲಲ್ಲಿ ಕೂತ ತೆಂಗಿನಕಾಯಿ

ತುಮಕೂರು ಬಿಟ್ಟಾಗಿನಿಂದ ಕಾರಿನ ಹಿಂಬದಿಯಲ್ಲಿ ಗುಡುಗುಡು ಸದ್ದು. ಹದಿನಾಲ್ಕು ವರ್ಷದ ಗಾಡಿ. ಯಾವ ಸದ್ದು ವಯಸ್ಸಿನದು, ಯಾವುದು ಕಾಯಿಲೆಯದು ಎಂದು ನನಗೆ ಈಚೆಗೆ ತಿಳಿಯುವುದೇ ಇಲ್ಲ. ಹೊಸೂರಿನಲ್ಲಿ ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದ್ದಾಳೆ; ನಾನೂ ಹೆಂಡತಿಯೂ ಅಲ್ಲಿಗೇ ಹೊರಟಿದ್ದೆವು. ದಾರಿಯಲ್ಲಿ ಗಾಡಿ ಕೈಕೊಟ್ಟರೆ ಏನು ಗತಿ ಎಂದು ಚಾಮರಾಜಪೇಟೆಯ ಗ್ಯಾರೇಜೊಂದರ ಮುಂದೆ ನಿಲ್ಲಿಸಿದೆ.

ಮೆಕ್ಯಾನಿಕ್ ಮುನಿರಾಜು ಗಾಡಿಯ ಹಿಂಬದಿಯನ್ನು ಅದುಮಿ ನೋಡಿ, "ಶಾಕ್ ಅಬ್ಸಾರ್ಬರ್ ಹೋಗಿದೆ ಸರ್" ಅಂದ. ಆಮೇಲೆ ಡಿಕ್ಕಿ ತೆಗೆದು, ಸ್ಟೆಪ್ನಿಯ ಪಕ್ಕದಿಂದ ಕೆಂಪು ಬಟ್ಟೆಯ ಗಂಟೊಂದನ್ನು ಎತ್ತಿ ನಕ್ಕ. "ಇಲ್ಲ ಸರ್, ಇದು ಉರುಳಾಡ್ತಿರೋದು. ಶಾಕ್ ಚೆನ್ನಾಗೇ ಇದೆ."

ಪ್ರತಿ ಆಯುಧಪೂಜೆಗೂ ನನ್ನ ಹೆಂಡತಿ ಶಾರದಾ ಹಳೆಯ ತೆಂಗಿನಕಾಯಿ ತೆಗೆದು ಹೊಸದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಅಲ್ಲಿ ಕಟ್ಟಿಡುತ್ತಾಳೆ. ಈ ಸಲ ದಾರ ಕಿತ್ತುಹೋಗಿತ್ತು.

"ಅದನ್ನ ಇಲ್ಲಿ ಬಿಟ್ಟು ಹೋಗಕ್ಕಾಗಲ್ಲಪ್ಪ," ಎಂದಳು ಅವಳು. "ಈ ಗಾಡಿ ಇವತ್ತಿನವರೆಗೂ ಓಡ್ತಿರೋದೇ ಅದ್ರಿಂದ."

"ಹಂಗಾದ್ರೆ ಮಡಿಲಲ್ಲಿಟ್ಕೊಳ್ಳಿ ಅಮ್ಮ. ಎಲ್ಲಿದ್ರೂ ಕೆಲ್ಸ ಮಾಡುತ್ತೆ."

ನಿಂತ ನಿಲುವಿನಲ್ಲೇ ಮಾತು ಬದಲಿಸಿದವನನ್ನು ನಂಬುವುದೋ ಬೇಡವೋ? ಶಾಕ್ ಇನ್ನೊಮ್ಮೆ ನೋಡಪ್ಪ ಎಂದೆ. "ಆರಾಮಾಗಿ ಹೋಗ್ಬನ್ನಿ ಸರ್" ಎಂದು ಅವನು ಮುಂದಿನ ಗಾಡಿಯ ಕಡೆ ತಿರುಗಿದ.

ಬಸವನಗುಡಿಯವರೆಗೆ ಸದ್ದಿರಲಿಲ್ಲ. ಶಾರದಾ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಗೆದ್ದವಳಂತೆ ಕೂತಿದ್ದಳು; ಗೆದ್ದದ್ದು ಅವಳೋ ಮುನಿರಾಜುವೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ರಸ್ತೆಯ ಹಂಪೊಂದನ್ನು ಹತ್ತಿ ಇಳಿದೆವು. ಹಿಂದಿನಿಂದ ಗುಡುಗುಡು.

ಇಬ್ಬರೂ ಒಟ್ಟಿಗೆ ಅವಳ ಮಡಿಲು ನೋಡಿದೆವು. ಕಾಯಿ ಅಲ್ಲೇ ಇತ್ತು.