ಹಂಸದ ಅಂಚಿನ ಕರಪತ್ರ

ನಾನು ಬದುಕಿನಲ್ಲಿ ಬರೆದದ್ದರ ಹೆಚ್ಚಿನ ಪಾಲು ಗಾಜಿನ ಚೌಕಟ್ಟಿನೊಳಗೆ ಸೇರಿ ಗೋಡೆ ಹತ್ತಿದೆ. ಹೀಗೆ ಹೇಳಿಕೊಳ್ಳಬಲ್ಲ ಲೇಖಕರು ನಾಡಿನಲ್ಲಿ ಬಹಳ ಮಂದಿ ಇರಲಾರರು. ನನ್ನದು ಬಿನ್ನವತ್ತಳೆಯ ಕ್ಷೇತ್ರ. ಯಾರಾದರೂ ನಿವೃತ್ತರಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಎಲ್ಲರೆದುರು ನಿಂತು ಗಟ್ಟಿಯಾಗಿ ಓದಿ ಒಪ್ಪಿಸುವ ಹೊಗಳಿಕೆಯ ಪತ್ರ ಅದು. ಭದ್ರಾವತಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದಷ್ಟು ಕಾಲ ಆ ಊರಿನಲ್ಲಿ ಫೋರ್‌ಮನ್ ಇರಲಿ, ಪೋಸ್ಟ್‌ಮಾಸ್ಟರ್ ಇರಲಿ, ನನ್ನ ಐದು ಪ್ಯಾರಾ ಕೇಳಿಸಿಕೊಳ್ಳದೆ ಯಾರೂ ನಿವೃತ್ತರಾದದ್ದಿಲ್ಲ.

ಐದು ಪ್ಯಾರಾ ಎಂಬುದು ಕಟ್ಟುನಿಟ್ಟು. ಪ್ರತಿಯೊಂದಕ್ಕೂ ಒಂದು ಸಂಬೋಧನೆ. ಸಿಟ್ಟಿನ ಹೆಡ್ ಕ್ಲಾರ್ಕನ್ನು ‘ಶಿಸ್ತಿನ ಸಿಪಾಯಿಗಳೇ’ ಎಂದೂ, ಕೆಲಸವನ್ನೇ ಮುಟ್ಟದೆ ಸರ್ವೀಸು ಮುಗಿಸಿದವರನ್ನು ‘ಸಮಾಧಾನಚಿತ್ತರೇ’ ಎಂದೂ ಕರೆದಿದ್ದೇನೆ. ಐದನೆಯದರಲ್ಲಿ ವಿಶ್ರಾಂತ ಜೀವನಕ್ಕೆ ಶುಭ ಹಾರೈಕೆ. ನನ್ನ ನಿವೃತ್ತಿಯ ದಿನ ಬರೆಯಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಅದನ್ನೂ ನಾನೇ ಬರೆದುಕೊಟ್ಟು, ಓದುವಾಗ ವೇದಿಕೆಯ ಮೇಲೆ ಸಂಕೋಚದಿಂದ ತಲೆ ತಗ್ಗಿಸಿ ಕುಳಿತಿದ್ದೆ. ಸಂಕೋಚವಲ್ಲ, ಕೈಯಲ್ಲಿದ್ದ ಪ್ರತಿಯಲ್ಲಿ ಅಚ್ಚಿನ ತಪ್ಪು ಹುಡುಕುತ್ತಿದ್ದದ್ದು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಹುಡುಕುತ್ತಿದ್ದೆ. ಎರಡು ಸಿಕ್ಕಿದವು.

ಇಂಥ ನನ್ನನ್ನು ಹುಡುಕಿಕೊಂಡು, ಶಿವಮೊಗ್ಗದ ರವೀಂದ್ರನಗರದ ಮನೆಗೆ, ಒಂದು ಬೆಳಿಗ್ಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಕೂಟಿಯಲ್ಲಿ ಬಂದಳು. ಈಗ ಲಾಯರು. ಕೈಯಲ್ಲಿ ಒಂದು ನೋಟ್‌ಬುಕ್ಕು.

“ಸಾರ್, ಭದ್ರಾವತಿಯಿಂದ ಎಲೆಕ್ಷನ್ನಿಗೆ ನಿಂತಿದ್ದೀನಿ. ವಿಧಾನಸಭೆಗೆ.”

“ಯಾರಾದ್ರೂ ನಿಲ್ಲಿಸಿದ್ರಾ, ನೀನೇ ನಿಂತ್ಯಾ ಮಾರಾಯ್ತಿ?”

“ಕಾರ್ಮಿಕ ಸಂಘಗಳವರೆಲ್ಲ ಸೇರಿ ನಿಲ್ಲಿಸಿದ್ದಾರೆ. ಗೆಲ್ಲೋದು ಆಮೇಲಿನ ಮಾತು. ಕರಪತ್ರದಲ್ಲಿ ತಪ್ಪಿರಬಾರದು. ನೀವೇ ಬರ್ಕೊಡ್ಬೇಕು.”

ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು: “ಏನಮ್ಮಾ, ನಿಂತಿರೋದು ಎಲೆಕ್ಷನ್ನಿಗೋ ರಿಟೈರ್‌ಮೆಂಟಿಗೋ? ಇವರ ಹತ್ರ ಬಂದಿದ್ದೀಯಲ್ಲ.”

ಆಗ ನಕ್ಕುಬಿಟ್ಟೆವು. ಹೆಂಡತಿಯ ಮಾತಿಗೆ ಕೂಡಲೇ ನಗುವುದರಲ್ಲಿ ಅಪಾಯವಿದೆ ಎಂದು ಇಷ್ಟು ವರ್ಷವಾದರೂ ನಾನು ಕಲಿತಿಲ್ಲ.

ನಮ್ಮ ಕಡೆ ಪ್ರಗತಿಪರರಲ್ಲಿ ಎರಡು ಬಗೆ. ವೇದಿಕೆಯ ಮೇಲೆ ಮಾತಾಡುವವರು, ಮತ್ತು ಅವರು ಬರುವ ಮೊದಲು ಕುರ್ಚಿ ಹಾಕುವವರು. ಇವಳು ಬಹುಕಾಲ ಕುರ್ಚಿ ಹಾಕಿದವಳು. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಕಾನೂನು ಓದಿದಳು. ಕರಿಕೋಟು ಹಾಕಿದ ಮೇಲೆ ಪೌರಕಾರ್ಮಿಕರ, ಅಂಗನವಾಡಿಯವರ, ಆಸ್ಪತ್ರೆಯ ಆಯಾಗಳ ಕೇಸು ಹಿಡಿದು ಕೋರ್ಟಿನ ಮೆಟ್ಟಿಲು ಸವೆಸಿದಳು. ನೋಟ್‌ಬುಕ್ಕಿನಲ್ಲಿ ಅವಳು ಶಾಸನಸಭೆಯಲ್ಲಿ ಕೇಳಬೇಕೆಂದಿದ್ದ ಸಂಗತಿಗಳಿದ್ದವು. ಎಲ್ಲಕ್ಕಿಂತ ಮೊದಲು, ವರ್ಷಗಟ್ಟಲೆ ಒಂದೇ ಕೆಲಸ ಮಾಡುವವರನ್ನು ಗುತ್ತಿಗೆಯವರು ಎನ್ನುವುದು ನಿಂತು ಅವರು ಕಾಯಂ ಆಗಬೇಕು. ಆಮೇಲೆ ಹಕ್ಕುಪತ್ರವಿಲ್ಲದ ಬೀದಿಗಳಿಗೆ ಹಕ್ಕುಪತ್ರ, ಕೆಲಸ ಬಿಟ್ಟು ಬರುವ ಹೆಂಗಸರ ಹೊತ್ತಿಗೆ ಸರಿಯಾಗಿ ಬಸ್ಸು, ಬಸ್‌ಸ್ಟಾಂಡಿನಲ್ಲಿ ಬಾಗಿಲು ಹಾಕಿಕೊಳ್ಳಬಲ್ಲ ಶೌಚಾಲಯ. ನನ್ನ ಸಾಹಿತ್ಯ ಜೀವನದಲ್ಲಿ ಶೌಚಾಲಯದ ಬಾಗಿಲಿಗೆ ವಿಶೇಷಣ ಹುಡುಕುವ ಸಂದರ್ಭ ಅದುವರೆಗೆ ಬಂದಿರಲಿಲ್ಲ.

“ಅಪ್ಪ ಕಾರ್ಖಾನೇಲಿದ್ರು, ನಿಮಗೆ ಗೊತ್ತಲ್ಲ ಸಾರ್,” ಎಂದಳು ಹೊರಡುವಾಗ.

“ಗೊತ್ತು,” ಎಂದೆ. ಗೊತ್ತು ಎಂದುಕೊಂಡಿದ್ದೆ. ತೀರಿಕೊಂಡು ಕೆಲವು ವರ್ಷವಾಗಿತ್ತು ಎಂಬುದಷ್ಟೇ ನಿಜವಾಗಿ ನನಗೆ ಗೊತ್ತಿದ್ದದ್ದು.

ಎರಡು ದಿನ ಕೂತು ಬರೆದೆ. ಕೈಗೆ ಯಾವ ದಾರಿ ಗೊತ್ತೋ ಆ ದಾರಿಯಲ್ಲೇ ಅದು ನಡೆಯಿತು. ದುರ್ಗಿಗುಡಿಯ ಮುದ್ರಣಾಲಯದವರು ನನ್ನ ಅಕ್ಷರ ಕಂಡ ಕೂಡಲೇ, ಒಳಗೇನಿದೆ ಎಂದು ಓದುವ ತೊಂದರೆ ತೆಗೆದುಕೊಳ್ಳದೆ, ಎಂದಿನ ಅಂಚು ಕೂಡಿಸಿಬಿಟ್ಟರು. ಎರಡು ಬದಿಗೆ ದೀಪದ ಕಂಬ, ನೆತ್ತಿಯ ಮೇಲೆ ಮುಖಾಮುಖಿ ಎರಡು ಹಂಸ. ಪ್ರೂಫು ಕೈಗೆ ಬಂದಾಗ ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಚೆಂದ ಬಂದಿದೆ ಎಂದೇ ಅನ್ನಿಸಿತು.

ಅಚ್ಚಿಗೆ ಹೋಗುವ ಮೊದಲು ಅಮ್ಮ ಕೇಳಬೇಕು ಎಂದು ಅವಳ ಆಸೆ. ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ತಾಯಿ ತಮಿಳುನಾಡಿನಿಂದ ಮದುವೆಯಾಗಿ ಬಂದವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬಾರದು. ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಕೈಯಲ್ಲಿದ್ದ ಹಾಳೆಯನ್ನು ದೂರದಿಂದಲೇ ನೋಡಿದರು.

“ಅದು ಆ ಹಂಸ ಅಲ್ವಾ ಸಾರ್?”

“ಯಾವ ಹಂಸ ಅಮ್ಮಾ?”

“ಕ್ವಾರ್ಟರ್ಸ್ ಮನೆಗಳಲ್ಲಿ ಕೆಲಸಕ್ಕೆ ಹೋಗ್ತಿದ್ನಲ್ಲ, ಎಲ್ಲರ ಗೋಡೆ ಮೇಲೂ ದೇವರ ಫೋಟೋ ಪಕ್ಕ ಇದು ಇರೋದು. ಗ್ಲಾಸು ಹಾಕಿ. ಯಾರು ಬರೆದಿದ್ದು ಅಂದ್ರೆ ನಿಮ್ಮ ಹೆಸರೇ ಹೇಳೋರು. ವಾರಕ್ಕೊಂದ್ಸಲ ಒರಸ್ತಿದ್ದೆ. ನೀವು ಬರೆದಿದ್ದೆಲ್ಲಾ ನಾನು ಒರಸಿದ್ದೀನಿ ಸಾರ್.”

ನನ್ನ ಸಮಗ್ರ ಸಾಹಿತ್ಯದ ಜೊತೆ ಇಷ್ಟು ದೀರ್ಘಕಾಲ ಒಡನಾಡಿದವರನ್ನು ನಾನು ಅದುವರೆಗೆ ಭೇಟಿಯಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು, ವಾಡಿಕೆಯಂತೆ ಎದ್ದು ನಿಂತು ಓದಿದೆ.

“ವಿದ್ಯಾವಿನಯ ಸಂಪನ್ನೆಯೇ,” ಎಂಬಲ್ಲಿಗೇ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಸಾರ್, ಓಟು ಕೇಳೋಕೆ ಹೊರಟಿರೋಳಿಗೆ ಸೆಂಡಾಫ್ ಕೊಟ್ಟಿದ್ದೀರಲ್ಲ. ಕೊನೇಲಿ ವಿಶ್ರಾಂತ ಜೀವನ ಬೇರೆ ಇದೆಯಾ?”

ಕಣ್ಣು ಕೆಳಗೆ ಹಾಯಿಸಿದೆ. ಇತ್ತು. ಹೆಂಡತಿ ಅಡುಗೆಮನೆಯಿಂದ ಆಡಿದ್ದ ಮಾತು ನೆನಪಾಯಿತು. ವಿಶ್ರಾಂತ ಜೀವನವನ್ನು ಆಮೇಲೆ ತೆಗೆದರಾಯಿತೆಂದು ಎರಡನೆಯ ಪ್ಯಾರಾಕ್ಕೆ ಹೋದೆ. ಅಭ್ಯರ್ಥಿಯ ಪೂಜ್ಯ ತಂದೆಯವರು ಕಾರ್ಖಾನೆಯಲ್ಲಿ ಸುದೀರ್ಘ ಸೇವೆ ಸಲ್ಲಿಸಿ, ಸರ್ವರ ಪ್ರೀತಿಗೆ ಪಾತ್ರರಾಗಿ, ಗೌರವದಿಂದ ನಿವೃತ್ತರಾದರು ಎಂದು ಅಲ್ಲಿತ್ತು.

“ಇನ್ನೊಂದ್ಸಲ ಓದಿ ಸಾರ್,” ಎಂದರು ತಾಯಿ. “ಅವರದ್ದು ಮಾತ್ರ.”

ಓದಿದೆ. ಅವರು ಸೆರಗು ಹೊದ್ದುಕೊಂಡು, ಸಭೆಯಲ್ಲಿ ಕೂತವರ ಹಾಗೆ ನೆಟ್ಟಗೆ ಕೂತು ಕೇಳಿದರು. ಮಗಳ ಮುಖದಲ್ಲಿ ನಗು ಇರಲಿಲ್ಲ.

“ಅಪ್ಪ ರಿಟೈರ್ ಆಗ್ಲಿಲ್ಲ ಸಾರ್. ಅಪ್ಪ ಕಂಟ್ರಾಕ್ಟರ್ ಕೆಳಗೆ ಕುಲುಮೆಯ ಬೂದಿ ಎತ್ತುತ್ತಿದ್ದೋರು. ಒಂದು ಸೋಮವಾರ ಗೇಟಲ್ಲಿ ಪಾಸು ರಿನ್ಯೂ ಆಗಿಲ್ಲ ಅಂದ್ರು, ಅಷ್ಟೆ. ಊಟದ ಡಬ್ಬಿ ಹಾಗೇ ವಾಪಸ್ ತಂದ್ರು. ನಾನು ಸ್ಕೂಲಿಂದ ಬಂದು ಆ ಡಬ್ಬೀಲೇ ಊಟ ಮಾಡ್ದೆ.”

“ಬರೆದುಬಿಟ್ಟಿದ್ದಾರಲ್ಲ ಕಣ್ಣು, ಇರ್ಲಿ ಬಿಡು,” ಎಂದರು ತಾಯಿ, ಮಗಳನ್ನು ಮುದ್ದಿಗೆ ತಮಿಳಿನಲ್ಲಿ ಕರೆದು. “ಒಂದು ಸಾಲು ತಾನೇ.”

“ಅದೇ ಸಾಲಿನ ಮೇಲೆ ನಾನು ನಿಂತಿರೋದು ಅಮ್ಮಾ. ಎಲ್ಲರನ್ನೂ ಕಾಯಂ ಮಾಡಿ ಅಂತ ಕೇಳೋಳು ನಮ್ಮಪ್ಪನ್ನ ಮಾತ್ರ ಕಾಗದದಲ್ಲಿ ಕಾಯಂ ಮಾಡ್ಕೊಂಡ್ರೆ, ಅಪ್ಪನ ಜೊತೆ ಬೂದಿ ಎತ್ತಿದೋರು ಏನಂತಾರೆ?”

ತಾಯಿ ಬಾಗಿಲ ಕಡೆ ನೋಡುತ್ತ ಹೇಳಿದರು: “ಈ ಬೀದೀಲಿ, ಕ್ವಾರ್ಟರ್ಸಲ್ಲಿ, ನಮ್ಮೂರಲ್ಲಿ, ಎಲ್ಲಾ ಕಡೆ ನಾನು ಕಾಯಂ ಅಂತಾನೇ ಹೇಳಿರೋದು. ಈಗ ನೀನು ಮನೆ ಮನೆಗೆ ಕಾಗದ ಹಂಚಿ, ನಿಮ್ಮಮ್ಮ ಸುಳ್ಳು ಹೇಳಿದ್ಲು ಅಂತ ಹೇಳ್ಕೊಂಡು ಬರ್ತೀಯಾ?”

ಕಾರ್ಖಾನೆಯ ಊರಿನಲ್ಲಿ ಯಾರ ಪಾಸು ಎಂಥದೆಂದು ತಿಳಿಯದವರಿರುವುದಿಲ್ಲ. ಆ ಬೀದಿಗೆ ಮೊದಲಿನಿಂದಲೂ ಗೊತ್ತಿದ್ದಿರಬೇಕು. ಗೊತ್ತಿದ್ದೂ ಆ ತಾಯಿಯೆದುರು ಒಮ್ಮೆಯೂ ಯಾರೂ ಅದನ್ನು ಎತ್ತಿ ಆಡಿರಲಿಲ್ಲ. ನಾನು ಇಲ್ಲದ ಗುಣಗಳನ್ನೆಲ್ಲ ಹುಡುಕಿ ಹೊಗಳಿ ಬರೆದವನು. ಆ ಬೀದಿಯವರ ಈ ದೊಡ್ಡತನಕ್ಕೆ ತಕ್ಕ ಸಂಬೋಧನೆ ನನ್ನಲ್ಲಿರಲಿಲ್ಲ.

ಬಸ್ಸಿನವರೆಗೆ ಬಿಡಲು ಬಂದವಳು ಹೇಳಿದಳು: “ಅಮ್ಮ ಒಪ್ಪದೆ ಅಪ್ಪನ ಸಾಲು ಹಾಕಲ್ಲ ಸಾರ್. ಅದನ್ನ ಹಾಕದೆ ಕರಪತ್ರ ಹೊರಡಿಸಲ್ಲ.”

“ಹಾಗಾದ್ರೆ ಕರಪತ್ರ ಇಲ್ಲದೆ ಚುನಾವಣೆನಾ?”

“ಹಾಗಾದ್ರೆ ಹಾಗೆ,” ಎಂದಳು. ಹೈಸ್ಕೂಲಿನಲ್ಲೂ ಹೀಗೇ ಇದ್ದಳು. ಸಂಧಿಯನ್ನು ಬಿಡಿಸಿ ತೋರಿಸುವವರೆಗೆ ಒಪ್ಪದ ಹುಡುಗಿ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ಅಲ್ಲ, ಅಷ್ಟು ವರ್ಷ ಬರೆದ್ರಲ್ಲ, ಗುತ್ತಿಗೆಯವರಿಗೆ ಒಂದಾದ್ರೂ ಬರೆದಿದ್ದೀರಾ?”

“ಯಾರೂ ಕೇಳಿರ್ಲಿಲ್ಲ.”

“ಅವರಿಗೆ ರಿಟೈರ್‌ಮೆಂಟ್ ದಿನ ಅಂತ ಇದ್ರೆ ತಾನೇ ಕೇಳೋದು,” ಎಂದು ಮುಂದಿನ ಕಾಯಿ ತೆಗೆದುಕೊಂಡಳು.

ಮೂರು ದಿನ ಕಳೆಯಿತು. ಎದುರಾಳಿಗಳ ಆಟೋಗಳು ಮೈಕು ಕಟ್ಟಿಕೊಂಡು ಊರು ಸುತ್ತುತ್ತಿವೆ ಎಂದು ಭದ್ರಾವತಿಯಿಂದ ಸುದ್ದಿ ಬರುತ್ತಿತ್ತು. ಮುದ್ರಣಾಲಯದವರು ದಿನಕ್ಕೆರಡು ಸಲ ಫೋನು ಮಾಡಿ, ಹಂಸ ಇರಬೇಕಾ ಬೇಡ್ವಾ ಎಂದು ಕೇಳುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಬಂದ ಫೋನು ತಾಯಿಯದು.

“ಸಾರ್, ಮಗಳು ಹೇಳ್ದಂಗೇ ಬರೀರಿ.”

“ಅವಳು ಒತ್ತಾಯ ಮಾಡಿದ್ಲಾ ಅಮ್ಮಾ?”

“ಇಲ್ಲ. ನಿನ್ನೆ ಊಟಕ್ಕೆ ಬಂದಿದ್ಲು, ಕೂಗಿ ಕೂಗಿ ಗಂಟಲೇ ಇಲ್ಲ ಅವಳಿಗೆ. ಅನ್ನ ಸಾರು ಉಂಡು ತಟ್ಟೆ ತೊಳೆದಿಟ್ಟು ಹೋದ್ಲು. ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೆ ಆಗಲ್ಲ ಅಂತಿದ್ದೆ.” ಹಾಗೇ ಮುಂದುವರಿಸಿದರು: “ಆದ್ರೆ ನನಗೆ ಇನ್ನೊಂದು ಬರ್ಕೊಡಿ ಸಾರ್. ಅವರಿಗೆ. ಹಂಸ ಇರೋದು. ಗ್ಲಾಸು ಹಾಕ್ಸಿ.”

“ಅದ್ರಲ್ಲಿ ಏನಂತ ಬರೀಲಿ?”

“ಅದ್ರಲ್ಲೂ ನಿಜಾನೇ ಬರೀರಿ. ಮಗಳು ಲಾಯರು, ಆಮೇಲೆ ಕಷ್ಟ.”

ಕರಪತ್ರ ಅರ್ಧ ಹಾಳೆಗೆ ಇಳಿಯಿತು. ಸಂಬೋಧನೆ ಇಲ್ಲ, ಅಂಚಿಲ್ಲ. ‘ನನ್ನ ತಂದೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರರಾಗಿದ್ದರು. ನನ್ನ ತಾಯಿ ಮನೆಗೆಲಸ ಮಾಡಿ ನನ್ನನ್ನು ಓದಿಸಿದರು. ಒಂದು ಸೋಮವಾರ ತಂದೆಯ ಪಾಸು ನವೀಕರಣವಾಗಲಿಲ್ಲ. ನಾನು ಏನು ಕೇಳಲು ಹೊರಟಿದ್ದೇನೆಂಬುದು ಅಲ್ಲಿಂದ ಶುರುವಾಗುತ್ತದೆ’ ಎಂದು ಮೊದಲು. ಅದರ ಕೆಳಗೆ ಕಾಯಂ ಕೆಲಸ, ಹಕ್ಕುಪತ್ರ, ಬಸ್ಸು, ಶೌಚಾಲಯ. ಶೌಚಾಲಯದ ಬಾಗಿಲಿಗೆ ಯಾವ ವಿಶೇಷಣವೂ ಬೇಕಾಗಲಿಲ್ಲ, ಚಿಲಕವೊಂದೇ ಸಾಕಾಯಿತು. ಮುದ್ರಣಾಲಯದವರು ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿ ಕೇಳಿದರು: “ಏನ್ ಮೇಷ್ಟ್ರೇ, ಇಷ್ಟೇನಾ? ಸ್ಟಾಕ್ ಮುಗೀತಾ?”

ಸ್ಟಾಕು ಬೇರೆ ಕಡೆ ಖರ್ಚಾಗಿತ್ತು. ಬಿನ್ನವತ್ತಳೆಗೆ ಐದು ದಿನ ಹಿಡಿಯಿತು. ನಾನು ಒಮ್ಮೆಯೂ ಮಾತಾಡಿಸದ ಆ ಮನುಷ್ಯನ ಬಗ್ಗೆ ಅವರ ಜೊತೆಗಾರರನ್ನು ಕೇಳಿ ತಿಳಿದುಕೊಂಡೆ. ಹೀಗೆ ವಿಚಾರಿಸಿ ಬರೆದದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು.

ಅದಕ್ಕೆ ಗಾಜು ಹಾಕಿಸಿದ ಮೇಲಿನ ಭಾನುವಾರ ಅದೇ ಎರಡು ಕೋಣೆಯ ಮನೆಯಲ್ಲಿ ಸಮಾರಂಭ. ಸಭಿಕರು ಮೂವರು: ತಾಯಿ, ಪ್ರಚಾರದ ನಡುವೆ ಓಡಿಬಂದ ಅಭ್ಯರ್ಥಿ, ಮತ್ತು ಇಷ್ಟು ವರ್ಷದಲ್ಲಿ ನನ್ನದೊಂದನ್ನು ಬಿಟ್ಟು ಇನ್ನಾವ ಬೀಳ್ಕೊಡುಗೆಗೂ ಬಾರದ ನನ್ನ ಹೆಂಡತಿ. ತಂದೆಯ ಫೋಟೋಗೆ ಶಾಲು ಹೊದಿಸಿದೆವು. ಮೋಸಂಬಿ, ಬಾಳೆಹಣ್ಣಿನ ಬುಟ್ಟಿಯನ್ನು ಅದರ ಮುಂದಿಟ್ಟೆವು. ನಾನು ಎದ್ದು ನಿಂತೆ.

ಕುಲುಮೆಯ ಬೂದಿ ಹೊತ್ತ ಭುಜದವರೇ, ಎಂದು ಶುರುಮಾಡಿದೆ. ಜೊತೆಗಾರನ ಕಾಲು ಸುಟ್ಟಾಗ ಎತ್ತಿಕೊಂಡು ಆಸ್ಪತ್ರೆಗೆ ನಡೆದವರೇ, ಎಂದೆ. ಮಗಳಿಗೆ ಇದು ಗೊತ್ತಿರಲಿಲ್ಲ. ತಟ್ಟನೆ ತಾಯಿಯ ಕಡೆ ನೋಡಿದಳು. ನಾಲ್ಕನೆಯ ಪ್ಯಾರಾ, ಪಾಸು ನವೀಕರಣವಾಗದ ಮಹನೀಯರೇ, ಎಂದಿತ್ತು. ಅಲ್ಲಿ ಒಂದೇ ಸಾಲನ್ನು ಎರಡು ಸಲ ಓದಿಬಿಟ್ಟೆ. ವಯಸ್ಸಿನ ದೋಷ.

ತಾಯಿ ತಲೆದೂಗಿ, “ಸರಿಯಾಗಿದೆ,” ಎಂದರು.

ಐದನೆಯದರಲ್ಲಿ ವಿಶ್ರಾಂತ ಜೀವನದ ಹಾರೈಕೆ ಇರಲಿಲ್ಲ. ‘ನಿಮ್ಮ ಡಬ್ಬಿಯ ಊಟವನ್ನು ಆ ದಿನ ಉಂಡ ಮಗಳು ಇಂದು ಹೊರಟಿದ್ದಾಳೆ, ದಯಮಾಡಿ ಹರಸುವುದು’ ಎಂದಿತ್ತು.

ತಾಯಿ ಮೊದಲೇ ಹೊಡೆಸಿಟ್ಟಿದ್ದ ಮೊಳೆಗೆ ತಾವೇ ಅದನ್ನು ನೇತುಹಾಕಿ, ಸೆರಗಿನಿಂದ ಗಾಜು ಒರೆಸಿ, ಎರಡು ಹೆಜ್ಜೆ ಹಿಂದೆ ನಿಂತು ವಾರೆ ಇದೆಯೇ ಎಂದು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಕರಪತ್ರದ ಕಟ್ಟು ಬಿಚ್ಚಿ ಒಂದಷ್ಟನ್ನು ಎದೆಗವಚಿಕೊಂಡು ಚಪ್ಪಲಿ ಹುಡುಕಿದರು.

“ಎಲ್ಲಿಗಮ್ಮಾ?” ಮಗಳ ಗಂಟಲಿನಿಂದ ಹೊರಟದ್ದು ಬರೀ ಗಾಳಿ.

“ಈ ಬೀದಿ, ಕ್ವಾರ್ಟರ್ಸ್, ಎರಡೂ ನಾನು ನೋಡ್ಕೋತೀನಿ. ನೀನು ಬಿಸಿನೀರು ಕುಡ್ಕೊಂಡು ಬೇರೆ ಕಡೆ ಹೋಗು.”

“ಕ್ವಾರ್ಟರ್ಸಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ?”

“ಕೇಳ್ಲಿ. ಓದೋಕೆ ಬಂದೋರು ಓದ್ಕೋತಾರೆ, ಬರದೇ ಇರೋರಿಗೆ ನಾನೇ ಹೇಳ್ತೀನಿ,” ಎಂದು ಅವರು ಮೆಟ್ಟಿಲಿಳಿದರು. ಎದುರುಮನೆಯ ಬಾಗಿಲು ತೆರೆದೇ ಇತ್ತು.