ಗೋಡೆ ಏರಲು ಒಂದು ಸೀರೆ

ಬೆಳಿಗ್ಗೆ ತಿರುಪ್ಪೂರಿನ ಬಸ್ಸಿನಲ್ಲಿ ಚಿಲ್ಲರೆಗೆಂದು ಕೈಚೀಲದೊಳಗೆ ಕೈ ಹಾಕಿದೆ. ಬೆರಳುಗಳು ಬೆಳ್ಳಗಾಗಿ ಹೊರಬಂದವು. ಮೂಸಿ ನೋಡಿದೆ. ಬೇಸಿಗೆಯಿಡೀ ಮುಚ್ಚಿದ್ದ ಶಾಲೆಯ ಕೋಣೆಯನ್ನು ಮೊದಲ ದಿನ ತೆರೆದಾಗ ಬರುವಂಥ ಒಣ ವಾಸನೆ. ಪಕ್ಕದ ಸೀಟಿನ ಹೆಂಗಸು ನನ್ನ ಕೈಯನ್ನೇ ನೋಡುತ್ತಿದ್ದವಳು "ಕೋಲಮಾವಾಕ್ಕಾ?" ಎಂದು ಕೇಳಿದಳು, ರಂಗೋಲಿ ಹಿಟ್ಟೇ ಅಂತ. ಹೌದು ಎಂದುಬಿಟ್ಟೆ. ನಲವತ್ತು ದಾಟಿದ ಹೆಂಗಸೊಬ್ಬಳ ಚೀಲದಲ್ಲಿ ಗೋಡೆ ಏರುವವರು ಕೈ ಜಾರದಂತೆ ಹಚ್ಚಿಕೊಳ್ಳುವ ಪುಡಿ ಏಕಿದೆ ಎಂದು ವಿವರಿಸುವಷ್ಟರಲ್ಲಿ ಪಲ್ಲಡಂ ಬಂದುಬಿಡುತ್ತಿತ್ತು. ನಿಮಗೆ ವಿವರಿಸುತ್ತೇನೆ. ನೀವು ಇಳಿಯುವ ಅವಸರದಲ್ಲಿಲ್ಲ ಎಂದುಕೊಂಡಿದ್ದೇನೆ.

ಒಂದು ಎಚ್ಚರಿಕೆ: ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಹೇಳಹೊರಟಿರುವುದು ಈಚಿನ ದಿನಗಳ ಸಂಗತಿಯೇ, ಆದರೂ ಅದಕ್ಕೆ ನಾನು ಆಗಲೇ ಬಣ್ಣ ಹಚ್ಚತೊಡಗಿದ್ದೇನೆ. ಬಣ್ಣವೇ ನನ್ನ ಉದ್ಯೋಗ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ, ಡೈ ಮಾಡಿ ಬಂದ ಬಟ್ಟೆಯನ್ನು ಗಿರಾಕಿ ಕಳಿಸಿದ ತುಂಡಿನ ಪಕ್ಕದಲ್ಲಿಟ್ಟು, ವಿಶೇಷ ದೀಪದ ಕೆಳಗೆ ನೋಡಿ, ಎರಡೂ ಒಂದೇ ಬಣ್ಣವೋ ಅಲ್ಲವೋ ಎಂದು ತೀರ್ಪು ಕೊಡುವವಳು ನಾನು. ಹೆಚ್ಚಾಗಿ ಅಲ್ಲ ಎಂದೇ ಹೇಳುತ್ತೇನೆ. ಡೈಯಿಂಗ್‌ನವರಿಗೆ ನನ್ನ ಮುಖ ಕಂಡರಾಗದು.

ಈಗ ಗೋಡೆ. ತಮ್ಮನ ಮಗಳು ನಂದಿನಿಯ ಹುಟ್ಟುಹಬ್ಬವನ್ನು ಈ ಸಲ ಹೋಟೆಲಿನ ಬದಲು ಕೊಯಮತ್ತೂರಿನ ಒಂದು ಕ್ಲೈಂಬಿಂಗ್ ಹಾಲ್‌ನಲ್ಲಿ ಮಾಡಿದರು. ಮಕ್ಕಳನ್ನು ಕಾಯಲು ಸೋದರತ್ತೆ ಬೇಕಲ್ಲ, ನಾನು ಹೋದೆ. ಪೀಳಮೇಡಿನ ಹಿಂಬದಿಯಲ್ಲಿ ಮೊದಲು ನೂಲಿನ ಗೋದಾಮಾಗಿದ್ದ ಕಟ್ಟಡ ಅದು. ಒಳಗೆ ಹೆಜ್ಜೆಯಿಟ್ಟೊಡನೆ ಹತ್ತಿಯ ವಾಸನೆ ಬಂತು ಎಂದು ಬರೆಯಲು ಕೈ ತುರಿಸುತ್ತಿದೆ. ಗೋದಾಮಾಗಿತ್ತು ಎಂದು ಯಾರೋ ಹೇಳಿದ ಮೇಲೆ ಬಂದ ವಾಸನೆಯಾಗಿರಬಹುದು. ನಿಜವಾಗಿ ಇದ್ದದ್ದು ಇಷ್ಟು: ಎತ್ತರದ, ಮುಂದಕ್ಕೆ ಬಾಗಿದ ಹಲಗೆ ಗೋಡೆಗಳು, ಅವುಗಳ ತುಂಬ ತಿರುಪು ಹಾಕಿ ಕೂರಿಸಿದ ಬಣ್ಣಬಣ್ಣದ ಹಿಡಿಗಳು, ನೆಲಕ್ಕೆ ಮೊಣಕಾಲು ಹೂತುಹೋಗುವಷ್ಟು ದಪ್ಪದ ಹಾಸಿಗೆ. ಹಗ್ಗವಿಲ್ಲ. ಬಿದ್ದರೆ ಹಾಸಿಗೆಯ ಮೇಲೆ ಬೀಳುವುದು. ಒಂದು ಬಣ್ಣದ ಹಿಡಿಗಳೆಲ್ಲ ಸೇರಿ ಒಂದು ದಾರಿ. ಹಸಿರಿನಲ್ಲಿ ಹೊರಟವರು ಹಸಿರನ್ನು ಬಿಟ್ಟು ಬೇರೆಯದನ್ನು ಮುಟ್ಟಬಾರದು.

ಕಲಿಸುವ ಹುಡುಗ ಪ್ರವೀಣ್ ಮಕ್ಕಳೆಲ್ಲ ಕೇಕಿನ ಕಡೆ ಓಡಿದ ಮೇಲೆ ನನ್ನ ಹತ್ತಿರ ಬಂದ. "ಅಕ್ಕಾ, ನೀಂಗಳುಂ ಏರಿ ಪಾರುಂಗ," ನೀವೂ ಏರಿ ನೋಡಿ ಅಂದ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಬಾಡಿಗೆ ಬೂಟು ಹಾಕಿಕೊಂಡು, ಕಿತ್ತಳೆ ದಾರಿಯ ಕೆಳಗೆ ನಿಂತೆ. ಅದು ಸುಲಭದ್ದಂತೆ. ಆದರೆ ಎರಡನೆಯ ಹಿಡಿಗೇ ಗೊತ್ತಾಯಿತು, ಇದೇನು ಸುಲಭ! ಕಾಲಿಗೆ ಬೇಕಾದಲ್ಲಿ ಏನೂ ಇಲ್ಲ. ಕೈಗೆ ಎಟುಕುವಲ್ಲಿ ಇದ್ದುದು ಬೇರೆ ಬಣ್ಣ. ನಾನು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡು, ಮೈಯನ್ನು ಎಂದೂ ಬಗ್ಗಿಸದ ಕಡೆ ಬಗ್ಗಿಸಿ, ಉಸಿರು ಬಿಗಿಹಿಡಿದು, ಚಿಮ್ಮಿ ಮೇಲಿನದನ್ನು ಹಿಡಿದೆ. ಹಿಡಿದೇಬಿಟ್ಟೆ! ನನ್ನ ತೋಳು ನನ್ನನ್ನು ಎತ್ತಬಲ್ಲದು ಎಂದು ಇಷ್ಟು ವರ್ಷ ಯಾರೂ ಏಕೆ ಹೇಳಿರಲಿಲ್ಲ?

ಕೆಳಗೆ ಬಂದಾಗ ಪ್ರವೀಣ್ ಬಾಯಿ ಬಿಟ್ಟು ನಿಂತಿದ್ದ.

"ಅಕ್ಕಾ, ಪಕ್ಕದಲ್ಲೇ ಹಿಡಿ ಇತ್ತಲ್ಲ, ಏಕೆ ಬಿಟ್ಟಿರಿ?"

"ಅದು ಕಿತ್ತಳೆ ಅಲ್ಲವಲ್ಲಪ್ಪ."

"ಎಲ್ಲವೂ ಕಿತ್ತಳೆಯೇ ಅಕ್ಕಾ!"

"ಇದು ಕಿತ್ತಳೆ. ಅದು ಕೆಂಪಿಗೆ ವಾಲಿದೆ. ಬೇರೆ ಲಾಟು."

ಅವನು ಗೋಡೆಯನ್ನೂ ನನ್ನನ್ನೂ ನೋಡಿದ. ಒಂದಷ್ಟು ಹಿಡಿಗಳನ್ನು ಆಮೇಲೆ ತರಿಸಿದ್ದರಂತೆ. ಆ ಹಾಲ್‌ನಲ್ಲಿ ಯಾರ ಕಣ್ಣಿಗೂ ಆ ವ್ಯತ್ಯಾಸ ಬಿದ್ದಿರಲಿಲ್ಲ. ನಾನು ದಾರಿಯ ಅರ್ಧ ಹಿಡಿಗಳನ್ನು ನಾನೇ ತಿರಸ್ಕರಿಸಿ, ಇಲ್ಲದ ಒಂದು ಕಷ್ಟದ ದಾರಿಯನ್ನು ಏರಿ ಬಂದಿದ್ದೆ. ಬೇರೆ ಹುಡುಗರು ಬಂದು, ಕೆಂಪಿಗೆ ವಾಲಿದವನ್ನು ಬಿಟ್ಟು ಏರಲು ನೋಡಿ, ಒಬ್ಬರ ಮೇಲೊಬ್ಬರು ಹಾಸಿಗೆಗೆ ಬಿದ್ದು ನಕ್ಕರು. ಆ ದಾರಿಗೆ ಅಲ್ಲೇ 'ಅಕ್ಕಾ ಕಿತ್ತಳೆ' ಎಂದು ಹೆಸರಿಟ್ಟರು. ಒಂದು ವಾರ ಸುಮ್ಮನೆ ಬಂದು ಏರಿ, ಭಾನುವಾರ ನಿರ್ಧಾರ ಹೇಳಿ ಎಂದ ಪ್ರವೀಣ್.

ನಿರ್ಧಾರವೆಂದರೆ ವರ್ಷದ ಮೆಂಬರ್‌ಷಿಪ್. ಬೆಲೆ ಕೇಳಿದೆ. ಒಂದು ಸೀರೆ! ನಾವು ಸಿರುಮುಗೈ ಕಡೆಯ, ಮನೆಮಾತು ಕನ್ನಡವಾದ ನೇಕಾರರು. ಮಗ್ಗ ಮಾರಿ ಕೊಯಮತ್ತೂರಿಗೆ ಬಂದು ಎಷ್ಟೋ ಕಾಲವಾದರೂ ನಮ್ಮ ಮನೆಯಲ್ಲಿ ದೊಡ್ಡ ಬೆಲೆಗಳೆಲ್ಲ ಸೀರೆಯ ಲೆಕ್ಕವೇ. ಫ್ರಿಜ್ಜು ಇಷ್ಟು ಸೀರೆ, ತಮ್ಮನ ಬೈಕು ಇಷ್ಟು ಸೀರೆ. ಈ ಮೆಂಬರ್‌ಷಿಪ್ ಸರಿಯಾಗಿ ಒಂದು ಒಳ್ಳೆಯ ರೇಷ್ಮೆ ಸೀರೆ, ಅದೂ ಯಾವುದೋ ಒಂದು ಸೀರೆಯಲ್ಲ: ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆಗೆ ನಾನು ಉಡಬೇಕಾದ, ಅದಕ್ಕೆಂದೇ ಹಣ ಎತ್ತಿಟ್ಟ ಸೀರೆ. ಎರಡಕ್ಕೂ ಆಗುವಷ್ಟು ನನ್ನಲ್ಲಿರಲಿಲ್ಲ. ಹಳೆಯದನ್ನೇ ಉಡಬಹುದಲ್ಲ ಎನ್ನುತ್ತೀರಿ. ನೀವು ನಮ್ಮವರ ಮದುವೆ ನೋಡಿಲ್ಲ. ನಮ್ಮ ಹೆಂಗಸರು ಮುಖ ನೋಡುವ ಮೊದಲು ಸೆರಗು ತಿರುಗಿಸಿ ಹಿಂಬದಿ ನೋಡುತ್ತಾರೆ. ಯಾರ ಮಗ್ಗದ್ದು, ಯಾವ ದೀಪಾವಳಿಯದು, ಹಿಂದೆ ಯಾರ ಮದುವೆಯಲ್ಲಿ ಉಟ್ಟದ್ದು, ಎಲ್ಲ ಬೆರಳ ತುದಿಯಲ್ಲೇ ಓದಿಬಿಡುತ್ತಾರೆ. ಅವರ ಮುಂದೆ ಹಳೆಯ ಸೀರೆಯೆಂದರೆ, ಈ ಹುಡುಗಿಗೆ ಕೆಲಸ ಹೋಯಿತಾ ಎಂಬ ಪಿಸುಮಾತು ಊಟದ ಪಂಕ್ತಿ ಏಳುವ ಮೊದಲೇ ಮಂಟಪ ಸುತ್ತಿರುತ್ತದೆ. ಆ ಪಿಸುಮಾತನ್ನು ಕೇಳಬೇಕಾದವಳು ನನ್ನ ಜೊತೆಗಿರುವ ಅಮ್ಮ.

ಅಮ್ಮನಿಗೆ ಹೇಳಿದೆ. ಅಡುಗೆಮನೆಯಲ್ಲಿ ಕುಳಿತು ಕರಿಬೇವು ಬಿಡಿಸುತ್ತಿದ್ದಳು.

"ಸುವರು ಏರಕ್ಕೆ ನೀ ಕಾಸು ಕೊಡ್ಬೇಕಾ? ಅವರಲ್ವಾ ನಿನಗೆ ಕೊಡ್ಬೇಕು!" ನಮ್ಮ ಮನೆಯ ಕನ್ನಡದಲ್ಲಿ ಗೋಡೆಗೆ ತಮಿಳಿನ ಸುವರೇ, ಮುದ್ದಿನ ಕರೆಗೆ ಕಣ್ಣು.

"ಅದು ವ್ಯಾಯಾಮ ಅಮ್ಮ."

"ವ್ಯಾಯಾಮಕ್ಕೆ ನೀರು ಸೇದು. ಅಲ್ಲ ಕಣ್ಣು, ಮೇಲೆ ಏರಿದ್ರೆ ಅಲ್ಲಿ ಏನಿಟ್ಟವ್ರೆ?"

"ಏನೂ ಇಲ್ಲ."

"ಮತ್ತೆ?"

"ಇಳಿಯೋದು."

"ಪೈತ್ಯ ಹಿಡೀತಾ ನಿನಗೆ?" ಎಂದಳು. ನಗು ತಡೆಯಲು ಕರಿಬೇವಿನ ಕಡ್ಡಿ ಕಚ್ಚಿಕೊಂಡಳು. ಆಮೇಲೆ ನಗದೆ ಅಂದಳು: "ಕಲ್ಯಾಣಕ್ಕೆ ಏನ್ ಉಡ್ತೀಯ?"

ನನ್ನಲ್ಲೊಂದು ಅಸ್ತ್ರವಿತ್ತು. ಚಿನ್ನತ್ತೆ. ಅಪ್ಪನ ತಂಗಿ, ಈಗ ಪಲ್ಲಡದಲ್ಲಿ ಮಗನ ಮನೆಯಲ್ಲಿದ್ದಾಳೆ. ಸಿರುಮುಗೈಯ ನಮ್ಮ ಹಿತ್ತಲಲ್ಲಿ ಕಲ್ಲು ಕಡಿದು ತೋಡಿದ ಆಳದ ಬಾವಿಯಿತ್ತು. ಒಮ್ಮೆ ಬಿಂದಿಗೆ ಬಿದ್ದಾಗ ಚಿನ್ನತ್ತೆ ಸೆರಗು ಸಿಕ್ಕಿಸಿ ಒಳಗಿಳಿದು, ಬಂಡೆಯ ಸೀಳುಗಳಲ್ಲಿ ಬೆರಳಿಟ್ಟು, ಹಲ್ಲಿಯ ಹಾಗೆ ಏರಿ ಬಂದಿದ್ದಳು. ಕಟ್ಟೆಯ ಮೇಲೆ ಕುಳಿತು ನಾನೇ ನೋಡಿದ್ದೆ. ನವಿಲುಗೊರಳ ಬಣ್ಣದ ಸೀರೆ, ತಾಮ್ರದ ಜರಿಯ ಅಂಚು, ಅದರಿಂದ ತೊಟ್ಟಿಕ್ಕುವ ನೀರು. ಇದಕ್ಕಿಂತ ಸ್ಪಷ್ಟವಾದ ಚಿತ್ರ ನನ್ನ ಬಾಲ್ಯದಲ್ಲಿ ಬೇರೊಂದಿಲ್ಲ. ಏರುವುದು ನಮ್ಮ ರಕ್ತದಲ್ಲೇ ಇದೆ ಎಂದು ಅಮ್ಮನಿಗೆ ಭಾಷಣ ಬಿಗಿದೆ.

ಅಮ್ಮ ಕರಿಬೇವು ಬದಿಗಿಟ್ಟಳು. "ಮಯಿಲ್ ಕಳುತ್ತಿಗೆ ಚೆಂಬು ಜರಿ ನಾವು ಮಗ್ಗಕ್ಕೆ ಹಾಕಿದ್ದು ನಿನ್ನ ತಮ್ಮನ ಕಲ್ಯಾಣಕ್ಕೆ. ಆವಾಗ ಬಾವಿ ಮುಚ್ಚಿ ಹೋಗಿತ್ತು. ಯಾವ ಸೀರೆ ಉಟ್ಕೊಂಡು ಯಾವ ಬಾವಿಲಿ ಏರಿದ್ಲು ಅವಳು?"

ಗಮನಿಸಿ, ನಮ್ಮವರು ಕಾಲವನ್ನೂ ಸೀರೆಯಲ್ಲೇ ಅಳೆಯುತ್ತಾರೆ. ನಾನು ಬಿಡಲಿಲ್ಲ, ಚಿನ್ನತ್ತೆಗೇ ಫೋನ್ ಮಾಡಿದೆ.

"ಯಾರು, ನಾನಾ? ಬಾವೀಲಾ?" ಆಚೆಯಿಂದ ನಗುವಿನ ಜೊತೆ ಕೆಮ್ಮು. "ವಡಗ ಸಂಡಿಗೆ ಒಣಗಿಸಕ್ಕೆ ಮನೆ ಮೇಲಿನ ಮೊಟ್ಟೆಮಾಡಿಗೆ ಹತ್ತಿದ್ರೇ ನನಗೆ ತಲೆ ಸುತ್ತುತ್ತೆ ಕಣ್ಣು! ಪಾತಾಳಗರಡಿ ಹಾಕಿ ಎತ್ತಿದ್ದು ಆ ಬಿಂದಿಗೆನ. ಎತ್ತಿದ್ದು ನಿಮ್ಮಪ್ಪ. ನಾ ಪಕ್ಕದಲ್ಲಿ ನಿಂತು ಬೈತಿದ್ದೆ. ಅದಿರಲಿ, ಕಲ್ಯಾಣಕ್ಕೆ ಯಾವ ಸೀರೆ ತಗೊಂಡೆ?"

ಫೋನ್ ಇಟ್ಟೆ. ದುಃಖವಾಗಬೇಕಿತ್ತು, ನನ್ನ ಬಾಲ್ಯದ ಅತ್ಯುತ್ತಮ ದೃಶ್ಯ ಬಾವಿಗೆ ಬಿದ್ದಿತ್ತು. ಆದರೆ ಮೈಯೊಳಗೆ ಒಂದು ಹಗುರ. ಯೋಚಿಸಿ ನೋಡಿ, ನಾನು ಏನು ಮಾಡಲು ಹೊರಟಿದ್ದೆ? ನನ್ನ ಚಂದಾವನ್ನು ಚಿನ್ನತ್ತೆಯ ಕೈಯಲ್ಲಿ ಕಟ್ಟಿಸಲು ಹೊರಟಿದ್ದೆ. ಹಿರಿಯಳೊಬ್ಬಳು ಏರಿದ್ದಳು, ಆದ್ದರಿಂದ ನಾನೂ ಏರಬಹುದು. ಇದು ಖರ್ಚಲ್ಲ, ಪರಂಪರೆ! ವ್ಯಾಯಾಮ ಎಂದದ್ದೂ ಅಂಥದ್ದೇ ಸಬೂಬು. ಸಕ್ಕರೆ ಕಾಯಿಲೆ ನನಗಿಲ್ಲ, ತೂಕದ ಚಿಂತೆ ನನಗಿಲ್ಲ. ಉಳಿದದ್ದು ಬರಿಯ ಒಂದು ಆಸೆ, ಬೆನ್ನಿಗೆ ಯಾರೂ ಇಲ್ಲದ್ದು. ಅದಕ್ಕೊಂದು ಸೀರೆಯಷ್ಟು ಬೆಲೆ ಇದೆಯೋ ಇಲ್ಲವೋ ಎಂದು ನಾನೊಬ್ಬಳೇ ಹೇಳಬೇಕಿತ್ತು.

ಆ ವಾರ ನಾನು ಕೆಲಸ ಮುಗಿಸಿ ದಿನವೂ ನೇರ ಗೋದಾಮಿಗೆ ಓಡಿದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅದನ್ನು ಹೇಗೆಲ್ಲ ಹಿಡಿಯಬಹುದೆಂದು ಬೆರಳು ತಾವೇ ಅಭ್ಯಾಸ ಮಾಡುತ್ತಿದ್ದವು. ದೀಪದ ಕೆಳಗೆ ಬಟ್ಟೆ ನೋಡುತ್ತಿದ್ದರೂ ಮನಸ್ಸು ನೀಲಿ ದಾರಿಯ ತಿರುವಿನಲ್ಲಿ. ಯಾವತ್ತೂ ಇಲ್ಲದ ಹಾಗೆ ಒಂದು ಮೆರೂನ್ ಲಾಟನ್ನು ಒಂದೇ ನೋಟಕ್ಕೆ ಪಾಸು ಮಾಡಿದೆ. ಡೈಯಿಂಗ್‌ನವರು ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ನೀಲಿ ಕೊನೆಗೂ ದಕ್ಕಿತು. 'ಅಕ್ಕಾ ಕಿತ್ತಳೆ' ಮಾತ್ರ ಮತ್ತೆ ದಕ್ಕಲಿಲ್ಲ. ಮೊದಲ ದಿನ ಗೊತ್ತಿಲ್ಲದೆ ಏರಿದ್ದನ್ನು ಗೊತ್ತಿದ್ದೂ ಏರಲಾಗಲಿಲ್ಲ. ಮೊದಲ ದಿನವೂ ನಿಜವಾಗಿ ತುದಿ ಮುಟ್ಟಿದ್ದೆನೇ? ಪ್ರವೀಣನನ್ನು ಕೇಳಿದೆ. "ಮುಟ್ಟಿದ ಹಾಗಿತ್ತು ಅಕ್ಕಾ," ಎಂದ. ಹಾಗಿತ್ತು!

ಭಾನುವಾರ ಅಮ್ಮ ತಾನೇ ಹೊರಟಳು. "ಒಂದು ಸೀರೆ ಹೋಗೋ ಜಾಗ ನಾನೂ ನೋಡ್ಬೇಕು."

ಚಪ್ಪಲಿ ಹೊರಗೆ ಬಿಟ್ಟು, ಹಾಸಿಗೆಯ ಅಂಚಿನಲ್ಲಿ ಕಾಲು ಚಾಚಿ ಕುಳಿತಳು. ಬೀಳುವ ಹುಡುಗರನ್ನು ನೋಡಿ ಮೊದಲು ಹೌಹಾರಿದಳು, ಸ್ವಲ್ಪ ಹೊತ್ತಿಗೆ ಅವರ ಕಾಲಿನಲ್ಲಿ ತಪ್ಪು ಹುಡುಕತೊಡಗಿದಳು. ನಾನು ಕಿತ್ತಳೆಯ ಕೆಳಗೆ ನಿಂತೆ. ನನ್ನ ಕಿತ್ತಳೆ, ಕೆಂಪಿಗೆ ವಾಲದ್ದು. ಅರ್ಧಕ್ಕೆ ಬಂದೆ. ಸುತ್ತಲಿಂದ ಬನ್ನಿ ಬನ್ನಿ ಎಂಬ ಕೂಗು: "ವಾಂಗಕ್ಕಾ! ಲೆಫ್ಟ್ ಲೆಗ್, ಲೆಫ್ಟ್ ಲೆಗ್!" ಕೊನೆಯ ಹಿಡಿಯ ಕೆಳಗೆ ಬಂದು ಸಿಕ್ಕಿಕೊಂಡೆ. ಸಾಕು, ಬಿಡೋಣ, ಹಾಸಿಗೆ ಮೆತ್ತಗಿದೆ. ಬೆರಳು ಸಡಿಲಿಸಿದ್ದೆ.

"ಇಳೀಬೇಡ! ಮೇಲೆ ಇನ್ನೊಂದೈತೆ! ಎಡಗಾಲ ಊರು, ಏಳು ಮೇಲೆ!"

ಅಮ್ಮ ಬೀದಿಗಿಳಿದರೆ ತಮಿಳೇ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅವಳ ಬಾಯಿಂದ ಕನ್ನಡ ಬಂದದ್ದನ್ನು ನಾನು ಕೇಳಿಲ್ಲ. ಅದು ಬಾಗಿಲು ಹಾಕಿದ ಮೇಲಿನ ಮಾತು. ಈಗ ಅಪರಿಚಿತರ ನಡುವೆ, ಆ ದೊಡ್ಡ ಗೋದಾಮಿನಲ್ಲಿ ಪ್ರತಿಧ್ವನಿಸುವಂತೆ, ನನ್ನೊಬ್ಬಳಿಗೆ ಮಾತ್ರ ಅರ್ಥವಾಗುವ ಮಾತಿನಲ್ಲಿ ಕೂಗುತ್ತಿದ್ದಳು. ಎಡಗಾಲು ಊರಿದೆ. ಎದ್ದೆ. ಬಲಗೈ ತಾನಾಗಿ ಮೇಲೆ ಹೋಯಿತು, ಹಿಡಿಯಿತು, ನಿಂತಿತು. ಎಡಗೈಯೂ ಬಂತು. ಮೇಲೆ ಏನೂ ಇರಲಿಲ್ಲ. ಅಲ್ಲಿ ಏನೂ ಇಲ್ಲದಿರುವುದು ಎಷ್ಟು ಚೆನ್ನಾಗಿತ್ತೆಂದರೆ!

ಹಣ ಕಟ್ಟುವ ಮೇಜಿನ ಹಿಂದೆ ಒಂದು ಹುಡುಗಿ. "ಫಿಟ್‌ನೆಸ್‌ಗಾಕ್ಕಾ? ವೆಯ್ಟ್ ಲಾಸ್?" ಎಂದು ಕೇಳಿದಳು. ನಾನು ಉತ್ತರ ಹುಡುಕುವ ಮೊದಲೇ ಅಮ್ಮ ನನ್ನ ಭುಜದ ಪಕ್ಕದಿಂದ, ಮತ್ತೆ ತನ್ನ ಬೀದಿಯ ತಮಿಳಿನಲ್ಲಿ, "ಸುಮ್ಮಾ ಏರತ್ತಾಮ್ಮಾ," ಎಂದಳು. ಸುಮ್ಮನೆ ಏರೋದಕ್ಕೇ ಕಣಮ್ಮ. ಕಟ್ಟಿದೆ. ತೈ ತಿಂಗಳಲ್ಲಿ ಹಳೆಯ ಸೀರೆ. ಸೆರಗು ತಿರುಗಿಸುವವರು ತಿರುಗಿಸಲಿ.

ಅಮ್ಮನಿಗೆ ಕನ್ನಡ ಅಕ್ಷರ ಬಾರದು. ನಾನು ಕಲಿತದ್ದೂ ಓದಿಗೆಂದು ಮೈಸೂರಿನಲ್ಲಿದ್ದಾಗಲೇ. ಹಾಗಾಗಿ ಬರೆದಷ್ಟನ್ನು ಈಗ ರಾತ್ರಿ ಊಟಕ್ಕೆ ಕುಳಿತಾಗ ಗಟ್ಟಿಯಾಗಿ ಓದಿ ಹೇಳಿದೆ. ಕರಿಬೇವಿನ ಜಾಗದಲ್ಲಿ ನಕ್ಕಳು. ಕೊನೆಗೆ ಬಂದಾಗ ಕೈ ತಡೆದಳು.

"ನಾ ಎಲ್ಲಿ ಕಿರುಚಿದೆ? ಸುಮ್ಮನೆ ಕೂತಿದ್ದೆನಲ್ಲ."

"ಕಿರುಚಿದೆ ಅಮ್ಮ. ಇಳೀಬೇಡ ಅಂದೆ."

"ಅದು ಆ ಹುಡುಗ ಕಿರುಚಿದ್ದು. ನಾ ಯಾಕೆ ಊರವರ ಮುಂದೆ ಕಿರುಚ್ಲಿ?"

ಕೇಳಿಸಿದ್ದೇನು, ಕೇಳಬೇಕೆಂದಿದ್ದೇನು, ಯಾವ ದೀಪದ ಕೆಳಗಿಟ್ಟು ನೋಡಲಿ? ನಾನು ಅನ್ನಕ್ಕೆ ಕೈ ಹಾಕಿದೆ. ರಸಂ ತಾಗಿದ್ದೇ ತಡ, ಕೊನೆಯ ಹಿಡಿಯಲ್ಲಿ ಚರ್ಮ ಕಿತ್ತುಹೋದ ಮೂರೂ ಬೆರಳು ಒಟ್ಟಿಗೆ ಉರಿದವು. ಅಮ್ಮ ಎದ್ದುಹೋಗಿ ಚಮಚ ತಂದಿಟ್ಟಳು. ನಾನದನ್ನು ಮುಟ್ಟಲಿಲ್ಲ, ಉರಿಯುವ ಬೆರಳಿನಿಂದಲೇ ಇನ್ನೊಂದು ತುತ್ತು ಕಲಸಿದೆ.