ದೊಡ್ಡಪ್ಪ ಹಾಕಿದ ತಾಳ

ದೊಡ್ಡಪ್ಪನ ಕೊರಳ ಗುಳಿಯ ಮೇಲೆ ಯಾವಾಗಲೂ ಒಂದು ಬಿಳಿ ಬಟ್ಟೆಯ ತುಂಡು ಇರುತ್ತಿತ್ತು. ಉಸಿರು ಬಿಟ್ಟಾಗ ಅದು ತುಸು ಉಬ್ಬಿ, ಎಳೆದುಕೊಂಡಾಗ ಒಳಕ್ಕೆ ಅಂಟುತ್ತಿತ್ತು. ಕ್ಯಾನ್ಸರಿಗೆಂದು ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರು ಉಸಿರಾಡುತ್ತಿದ್ದುದು ಅಲ್ಲಿದ್ದ ರಂಧ್ರದಿಂದ. ಹುಲ್ಲಹಳ್ಳಿಯಲ್ಲಿ ನಮ್ಮ ಎದುರುಮನೆಯವರು, ಗೊಬ್ಬರದಂಗಡಿ ಇಟ್ಟಿದ್ದರು. ಸಂಬಂಧದಲ್ಲಿ ಏನೂ ಅಲ್ಲ. ಚಿಕ್ಕಂದಿನಿಂದ ನಾನು ಕರೆದದ್ದು ದೊಡ್ಡಪ್ಪ ಅಂತಲೇ.

ಮೊದಲು ಮಠದ ಸೋಮವಾರದ ಭಜನೆಯಲ್ಲಿ ಅವರದೇ ಎತ್ತಿದ ದನಿ. ಬಿತ್ತನೆ ಭತ್ತ ಕೇಳಲು ಬಂದವರಿಗೂ ರಾಗವಾಗಿ ಉತ್ತರ ಕೊಡುತ್ತಿದ್ದರು. ಆಪರೇಷನ್ನಿನ ನಂತರ ಭಜನೆಗೆ ಹೋಗುವುದನ್ನು ಬಿಟ್ಟರು. ಅಂಗಡಿಯ ರೇಡಿಯೋವನ್ನೂ ಯಾರಿಗೋ ಕೊಟ್ಟುಬಿಟ್ಟರು. ಹೇಳಬೇಕಾದ್ದನ್ನು ರಟ್ಟಿನ ಚೂರಿನ ಮೇಲೆ ದುಂಡಗೆ ಬರೆದು ತೋರಿಸುವರು. ಎಷ್ಟೇ ಅವಸರದ ಗಿರಾಕಿಯಾದರೂ ಬರೆದು ಮುಗಿಸುವವರೆಗೆ ನಿಲ್ಲಲೇಬೇಕಿತ್ತು.

ಊರಿನ ಹೈಸ್ಕೂಲು, ಪಿಯುಸಿ ಮಕ್ಕಳು ಹತ್ತು ಹನ್ನೆರಡು ಮಂದಿ ಸೇರಿ ಒಂದು ಹಾಡಿನ ನಾಟಕ ಕಟ್ಟಿದಾಗ, ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಅವರ ಗೋದಾಮಿನಲ್ಲಿ. ಊರಿಗೆ ನಾಲೆ ನೀರು ಬಂದ ಕಥೆ. ಹಾಡುಗಳೂ ಮಕ್ಕಳು ಬರೆದವೇ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಪಾತ್ರ ನನ್ನ ಮಗನದು. ನಾಟಕಕ್ಕೆ ಹತ್ತು ದಿನ ಇರುವಾಗ ಅವನ ದನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದರೆ ಕೀರಲು. ಜೊತೆಯವರು ನಕ್ಕರೆಂದು ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಎರಡು ದಿನ ಅವನು ಕಾಣದ್ದಕ್ಕೆ ದೊಡ್ಡಪ್ಪನೇ ಬಂದರು.

“ನಾ ಬರಕಿಲ್ಲ ತಾತ. ಬ್ಯಾರೆಯವ್ರಿಗೆ ಕೊಟ್ಬುಡ್ಲಿ ಪಾರ್ಟು,” ಅಂದ ಮಗ.

ಅವರು ಅವನ ಪಕ್ಕ ಕೂತು ಬರೆದರು: “ನಿನ್ನ ದನಿ ಹೋಗಿಲ್ಲ ಕಣೋ, ಬದಲಾಗ್ತಾ ಅದೆ. ಹೋದ್ರೆ ಹೆಂಗಿರ್ತದೆ ಅಂತ ನಂಗೊತ್ತು.”

ಮಗ ಅದನ್ನು ಎರಡು ಸಲ ಓದಿದ. ಎದ್ದು ಅಂಗಿ ಹಾಕಿಕೊಂಡು ಅವರ ಹಿಂದೆಯೇ ಹೋದ.

ಅಂದಿನಿಂದ ದೊಡ್ಡಪ್ಪ ಸಂಜೆ ಹೊತ್ತು ಅಂಗಡಿಯನ್ನು ದೊಡ್ಡಮ್ಮನಿಗೆ ಬಿಟ್ಟು ಯೂರಿಯಾ ಮೂಟೆಯ ಮೇಲೆ ಕೂರತೊಡಗಿದರು. ಕೀಬೋರ್ಡಿನ ಹುಡುಗಿಗೆ ಬೆರಳಿಂದಲೇ ತೋರಿಸಿ ಶ್ರುತಿ ಇಳಿಸಿದರು. ಮಗನ ಎದೆಯ ಮೇಲೆ ಅಂಗೈ ಇಟ್ಟು, ದನಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡುವರು.

ನಾಟಕದ ದಿನ ಮಾತ್ರ ಬರಲೊಲ್ಲರು. ತಮ್ಮ ಕೆಮ್ಮು ಸೀಟಿಯಂತೆ ಕೇಳುತ್ತದೆ, ಮಕ್ಕಳಿಗೆ ಅಡ್ಡಿಯಾಗುತ್ತದೆ ಎಂದು ಬರೆದರು.

“ಇವ್ರಿಗೆ ನಂಜನಗೂಡು ಫ್ಯಾಕ್ಟರೀಲಿ ಸೆಕೆಂಡ್ ಶಿಫ್ಟು ದೊಡ್ಡಪ್ಪ. ನಾನೊಬ್ಳೇ ಕೂತ್ಕಂಡು ನೋಡಕ್ಕೆ ಧೈರ್ಯ ಸಾಲ್ದು, ಜೊತೇಲಿ ಬನ್ನಿ,” ಅಂದೆ. ಹೊರಟರು.

ಸಮುದಾಯ ಭವನದ ಕೊನೆಯ ಸಾಲಿನಲ್ಲಿ ಕೂತೆವು. ನಾಲೆಯೆಂದು ಹಿಡಿದಿದ್ದ ನೀಲಿ ಸೀರೆ ಕಾಲಿಗೆ ಸುತ್ತಿಕೊಂಡು ಒಬ್ಬ ಹುಡುಗಿ ಬಿದ್ದಳು; ಜನ ನಕ್ಕರು, ಅವಳೂ ನಕ್ಕಳು. ಆಮೇಲೆ ನನ್ನ ಮಗನ ಹಾಡು. ಎರಡನೆಯ ಸಾಲಿಗೇ ದನಿ ಕೀರಲಾಯಿತು. ಮುಂದೆ ಕೂತಿದ್ದ ಹುಡುಗರು ಗೊಳ್ಳೆಂದರು. ಅವನು ನಿಂತುಬಿಟ್ಟ. ಕೀಬೋರ್ಡೂ ನಿಂತಿತು. ನಾನು ತಲೆ ತಗ್ಗಿಸಿದೆ.

ಪಕ್ಕದಲ್ಲಿ ಠಕ್ ಎಂದಿತು. ದೊಡ್ಡಪ್ಪ ಎದ್ದು ನಿಂತಿದ್ದರು; ಮುಂದಿನ ಕಬ್ಬಿಣದ ಕುರ್ಚಿಯ ಬೆನ್ನಿಗೆ ಉಂಗುರದ ಬೆರಳಿನಿಂದ ಬಡಿಯುತ್ತಿದ್ದರು. ಅದೇ ಹಾಡಿನ ತಾಳ. ಎಲ್ಲರೂ ತಿರುಗಿ ಅವರ ಕೊರಳನ್ನು ನೋಡಿದರು. ಅವರು ನಿಲ್ಲಿಸಲಿಲ್ಲ. ಮಗ ಅವರನ್ನೇ ನೋಡುತ್ತ ಮೊದಲ ಸಾಲಿನಿಂದ ಶುರುಮಾಡಿದ. ಅಲ್ಲಲ್ಲಿ ಒರಟಾಗಿತ್ತು, ಆದರೂ ಕೊನೆಯವರೆಗೆ ಹಾಡಿದ. ಓರೆಗಣ್ಣಿನಲ್ಲಿ ನೋಡಿದೆ, ದೊಡ್ಡಪ್ಪನ ತುಟಿ ಪ್ರತಿ ಪದಕ್ಕೂ ಆಡುತ್ತಿತ್ತು.

ಮುಂದಿನ ಸೋಮವಾರದಿಂದ ಅವರು ಮತ್ತೆ ಭಜನೆಗೆ ಹೋದರು, ತಾಳ ಹಾಕಲು.

ಕೆಲವು ವರ್ಷ ಹಾಗೇ ನಡೆಯಿತು. ಹೋದ ಆಷಾಢದಲ್ಲಿ ದೊಡ್ಡಪ್ಪ ತೀರಿಕೊಂಡರು. ಬೇರೆ ಬೇರೆ ಊರಿನಲ್ಲಿ ಓದುತ್ತಿದ್ದ ಆ ಮಕ್ಕಳೆಲ್ಲ ಬಸ್ಸು ಹಿಡಿದು ಮಣ್ಣಿಗೆ ಬಂದಿದ್ದರು. ನಾಟಕದ ದಿನ ಹೆತ್ತವಳಾದ ನನಗೆ ತಲೆ ಎತ್ತಲಾಗಲಿಲ್ಲ, ನೀವು ಎದ್ದು ನಿಂತಿರಿ ಎಂದು ದೊಡ್ಡಪ್ಪನಿಗೊಮ್ಮೆ ಹೇಳಬೇಕೆಂದುಕೊಂಡಿದ್ದೆ. ಎದುರುಮನೆಯವರಲ್ಲವೇ, ನಾಳೆ ಹೇಳಿದರಾಯಿತು ಅಂದುಕೊಂಡೇ ಇದ್ದುಬಿಟ್ಟೆ.